ಕಾರಿನೊಳಗಿನ ಮಂದ್ರಧ್ವನಿ

ಸಂಗೀತ ಕೇಳಬೇಕಾದರೆ ಸಭೆಗೇ ಹೋಗಬೇಕಾಗಿದ್ದ ಕಾಲವೊಂದಿತ್ತು. ಮುಂದೆ ಗ್ರಾಮೋಫೋನು ಬಂದಿತು. ೧೯೫೦ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾದ ಮೇಲೆ ಈ ಭಾಗದ ಅನೇಕ ಮನೆಗಳಿಗೆ ಹಾಡು ತಾನಾಗಿ ನಡೆದುಬಂದಿತು. ಈಗಂತೂ ಅದು ಮನುಷ್ಯನ ಜೊತೆಗೆ ಬೀದಿಯಲ್ಲಿ ಓಡಾಡುತ್ತಿದೆ. ಗೋಪನಕೊಪ್ಪದ ಓಣಿಗಳಲ್ಲಿ ಸಂಜೆಯ ಹೊತ್ತು ನಿಂತವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕಾರು ಇನ್ನೂ ತಿರುವಿನ ಆಚೆಗೆ ಇರುವಾಗಲೇ ಅದರೊಳಗಿನ ‘ಧಂ ಧಂ’ ಎಂಬ ಸದ್ದು ನಮ್ಮ ಎದೆಗೆ ಬಂದು ತಟ್ಟುವದು. ಹಾಡು ಯಾವುದು, ಹಾಡುವವರು ಯಾರು ಎಂಬದು ತಿಳಿಯದು. ತಗ್ಗಿನ ಸದ್ದೊಂದು ಮಾತ್ರ ಗೋಡೆ ದಾಟಿ ಒಳಗೆ ಬರುವದು. ಆ ಸದ್ದನ್ನು ಹೊರಡಿಸುವ ಉಪಕರಣಕ್ಕೆ ಸಬ್‌ವೂಫರ್ ಎಂದು ಹೆಸರು.

ಇದನ್ನು ಕೊಳ್ಳಲು ಹೊರಟ ತರುಣನು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಇದು ಎಷ್ಟು ವ್ಯಾಟಿನದು?’ ಎಂಬದು. ದೊಡ್ಡ ಅಂಕಿ ಇದ್ದದ್ದು ದೊಡ್ಡ ವಸ್ತು ಎಂಬ ನಂಬಿಗೆ ಅವನದು. ಹೀಗೆ ಕೊಂಡದ್ದರಲ್ಲಿ ಎಷ್ಟೋ ಸಲ ತಿಂಗಳುಗಟ್ಟಲೆ ಕೂಡಿಸಿದ ಹಣವು ವ್ಯರ್ಥವಾಗುವದು. ಸ್ಪೀಕರಿನ ಸುರುಳಿ ಸುಡುವದು. ಕೆಲವೊಮ್ಮೆ ವಾಯರಿಗೇ ಬೆಂಕಿ ಹತ್ತುವದು. ಕೇಳಬೇಕಾದ ಮೊದಲ ಪ್ರಶ್ನೆ ‘ಎಂಥ ಪೆಟ್ಟಿಗೆ?’ ಎಂಬದು. ವ್ಯಾಟಿನ ಮಾತು ಅದರ ನಂತರದ್ದು. ಇದು ಏಕೆ ಹೀಗೆ ಎಂಬದನ್ನು ಕಲಾವಿಭಾಗದ ವಿದ್ಯಾರ್ಥಿಗಳಿಗೂ ತಿಳಿಯುವಂತೆ ವಿವರಿಸುವದೇ ಈ ಲೇಖನದ ಉದ್ದೇಶ. ಗುಣಾಕಾರ ಭಾಗಾಕಾರ ಬಲ್ಲವರಿಗೆ ಇದರಲ್ಲಿ ಕಠಿಣವಾದದ್ದೇನೂ ಇಲ್ಲ.

ಮೊದಲು ಮಂದ್ರಧ್ವನಿ ಎಂದರೇನೆಂಬದನ್ನು ನೋಡೋಣ. ಧ್ವನಿ ಎಂದರೆ ಗಾಳಿಯ ಕಂಪನ. ಸೆಕೆಂಡಿಗೆ ಆಗುವ ಕಂಪನಗಳು ಕಡಿಮೆಯಾದಷ್ಟು ಸ್ವರವು ತಗ್ಗುವದು. ಹುಬ್ಬಳ್ಳಿ-ಧಾರವಾಡದವರಿಗೆ ತಂಬೂರಿ ಪರಿಚಿತವಾದ ವಾದ್ಯ. ಗಂಡುದನಿಗೆ ಹೊಂದಿಸಿದ ತಂಬೂರಿಯಲ್ಲಿ ಖರಜದ ತಂತಿಯು ಸೆಕೆಂಡಿಗೆ ಸುಮಾರು ೬೫ರಿಂದ ೭೦ ಸಲ ಕಂಪಿಸುವದು. ಸಬ್‌ವೂಫರಿನ ಕೆಲಸ ಇದಕ್ಕೂ ಕೆಳಗೆ ಇಳಿಯುವದು: ಸುಮಾರು ೨೫ರಿಂದ ೮೦ ಕಂಪನಗಳವರೆಗೆ ಅದರ ಕ್ಷೇತ್ರ. ಇಲ್ಲಿ ಒಂದು ತೊಡಕು ಇದೆ. ಒಂದು ಸ್ವರವನ್ನು ಒಂದು ಸಪ್ತಕ ಕೆಳಗಿಳಿಸಿ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಸ್ಪೀಕರಿನ ಶಂಕುವು ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಚಲಿಸಬೇಕಾಗುವದು. ಕಾರಿನ ಬಾಗಿಲಲ್ಲಿರುವ ಸಣ್ಣ ಸ್ಪೀಕರಿಗೆ ಇದು ಸಾಧ್ಯವಿಲ್ಲ. ಆದ್ದರಿಂದಲೇ ೧೦ ಇಲ್ಲವೆ ೧೨ ಇಂಚಿನ ಬೇರೊಂದು ಸ್ಪೀಕರು ಬೇಕಾಗುವದು.

ಸ್ಪೀಕರು ಇದ್ದರೆ ಸಾಲದೆ, ಅದಕ್ಕೆ ಪೆಟ್ಟಿಗೆಯೇಕೆ? ಇಂದು ನಾವು ಬಳಸುವ ಬಗೆಯ ಸ್ಪೀಕರನ್ನು ಅಮೇರಿಕೆಯ ರೈಸ್ ಮತ್ತು ಕೆಲಾಗ್ ಎಂಬವರು ೧೯೨೫ರಲ್ಲಿ ಲೋಕಕ್ಕೆ ತೋರಿಸಿದಾಗಿನಿಂದ ಈ ಪ್ರಶ್ನೆ ಅದರ ಬೆನ್ನಿಗೇ ಇದೆ. ಶಂಕು ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿಯ ಒತ್ತಡ ಹೆಚ್ಚುವದು. ಅದೇ ಕ್ಷಣದಲ್ಲಿ ಹಿಂದಿನ ಗಾಳಿಯ ಒತ್ತಡ ಕಡಿಮೆಯಾಗುವದು. ಸೆಕೆಂಡಿಗೆ ೪೦ ಕಂಪನದ ಧ್ವನಿಯ ಒಂದು ಅಲೆಯ ಉದ್ದ ಸುಮಾರು ೮.೬ ಮೀಟರು. ಇಷ್ಟು ಉದ್ದದ ಅಲೆಗೆ ಒಂದು ಅಡಿ ಅಗಲದ ಸ್ಪೀಕರು ಯಾವ ಅಡ್ಡಿಯೂ ಅಲ್ಲ. ಹಿಂದಿನ ಅಲೆ ಸುತ್ತಿ ಮುಂದೆ ಬಂದು ಮುಂದಿನ ಅಲೆಯನ್ನು ಅಳಿಸಿಬಿಡುವದು. ಪೆಟ್ಟಿಗೆಯಿಲ್ಲದ ಸಬ್‌ವೂಫರನ್ನು ಕೈಯಲ್ಲಿ ಹಿಡಿದು ಬಾರಿಸಿ ನೋಡಿದರೆ ಶಂಕು ಕುಣಿಯುವದು ಕಾಣಿಸುತ್ತದೆ, ಮಂದ್ರ ಮಾತ್ರ ಕೇಳಿಸದು. ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರ್ಪಡಿಸುವದೇ ಪೆಟ್ಟಿಗೆಯ ಮೊದಲ ಕೆಲಸ.

ತಂಬೂರಿಯ ಬುರುಡೆಗೂ ಈ ಪೆಟ್ಟಿಗೆಗೂ ಒಂದು ಮುಖ್ಯವಾದ ಭೇದವಿದೆ. ಮಿರಜದ ಕುಶಲಿಗರು ತಂಬೂರಿಗೆಂದು ಆರಿಸುವ ಒಣ ಬುರುಡೆಯು ತಂತಿಯೊಡನೆ ತಾನೂ ಕಂಪಿಸಬೇಕು. ಅದಕ್ಕೆಂದೇ ಅದು ತೆಳ್ಳಗೆ, ಹಗುರವಾಗಿರುವದು. ಸಬ್‌ವೂಫರಿನ ಪೆಟ್ಟಿಗೆ ಹಾಗಲ್ಲ. ಅದರ ಗೋಡೆ ಅಲುಗಾಡಿದರೆ ಹಾಡಿನಲ್ಲಿ ಇಲ್ಲದ ಗುಂಯ್‌ಗುಡುವಿಕೆ ಸೇರಿಕೊಳ್ಳುವದು. ಆದ್ದರಿಂದ ೧೮ ಮಿಲಿಮೀಟರು ದಪ್ಪದ ಪ್ಲೈವುಡ್ ಇಲ್ಲವೆ ಎಂ.ಡಿ.ಎಫ್. ಹಲಗೆ ಬಳಸಬೇಕು, ಮೂಲೆಗಳಲ್ಲಿ ಒಳಗಡೆ ಪಟ್ಟಿ ಕೊಟ್ಟು, ಅಂಟು ಹಾಕಿ, ಸ್ಕ್ರೂ ಬಿಗಿದು ಗಾಳಿ ಸೋರದಂತೆ ಮಾಡಬೇಕು. ಊರಿನ ಬಡಿಗರಿಗೆ ಅಳತೆಯನ್ನು ಸರಿಯಾಗಿ ಕೊಟ್ಟರೆ ಅಂಗಡಿಯ ಸಿದ್ಧ ಪೆಟ್ಟಿಗೆಗಿಂತ ಗಟ್ಟಿಯಾದದ್ದನ್ನು ಅವರು ಮಾಡಿಕೊಡಬಲ್ಲರು. ಅಳತೆ ಕೊಡುವದು ಮಾತ್ರ ನಮ್ಮ ಹೊಣೆ.

ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಮುಚ್ಚಿದ ಪೆಟ್ಟಿಗೆ. ಸೈಕಲ್ ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿದರೆ ಅದು ಹಿಂದಕ್ಕೆ ಪುಟಿಯುವದು. ಒಳಗೆ ಸಿಕ್ಕ ಗಾಳಿಯೇ ಅಲ್ಲಿ ಸ್ಪ್ರಿಂಗಿನಂತೆ ಕೆಲಸಮಾಡಿತು. ಮುಚ್ಚಿದ ಪೆಟ್ಟಿಗೆಯಲ್ಲಿ ಶಂಕುವನ್ನು ಹಿಡಿದು ತಡೆಯುವದು ಈ ಗಾಳಿಯ ಸ್ಪ್ರಿಂಗೇ. ಅಮೇರಿಕೆಯ ಎಡ್ಗರ್ ವಿಲ್ಚರ್ ಎಂಬವರು ೧೯೫೪ರಲ್ಲಿ ಈ ತತ್ತ್ವವನ್ನು ಬಳಸಿ, ಅಲ್ಲಿಯವರೆಗೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿದ್ದ ಮಂದ್ರವನ್ನು ಸಣ್ಣದೊಂದು ಪೆಟ್ಟಿಗೆಯಿಂದ ಹೊರಡಿಸಿ ತೋರಿಸಿದರು. ಇದರ ಧ್ವನಿ ಬಿಗಿಯಾಗಿರುವದು. ತಬಲೆಯ ಪೆಟ್ಟು ಪೆಟ್ಟಾಗಿಯೇ ಕೇಳಿಸಿ ಅಲ್ಲಿಯೇ ನಿಲ್ಲುವದು. ಕಟ್ಟುವದೂ ಸುಲಭ.

೧೨ ಇಂಚಿನ ಅನೇಕ ಸ್ಪೀಕರುಗಳಿಗೆ ಸುಮಾರು ೨೮ ಲೀಟರಿನ ಮುಚ್ಚಿದ ಪೆಟ್ಟಿಗೆ ಹೊಂದುವದು. ಒಳ ಅಳತೆಯು ೪೦ ಸೆಂಟಿಮೀಟರು ಅಗಲ, ೩೮ ಎತ್ತರ, ೨೦ ಆಳ ಇದ್ದರೆ ಗುಣಿಸಿದಾಗ ೩೦,೪೦೦ ಘನ ಸೆಂಟಿಮೀಟರು, ಎಂದರೆ ೩೦.೪ ಲೀಟರು ಬರುವದು. ಸ್ಪೀಕರಿನ ಒಡಲು ತಾನೇ ಎರಡೂವರೆ ಲೀಟರಿನಷ್ಟು ಜಾಗ ಹಿಡಿಯುವದರಿಂದ ಉಳಿಯುವದು ೨೮. ಹಲಗೆಯ ದಪ್ಪವನ್ನು ಎರಡೂ ಬದಿಗೆ ಸೇರಿಸಿದರೆ ಹೊರ ಅಳತೆ ೪೩.೬, ೪೧.೬ ಮತ್ತು ೨೩.೬ ಸೆಂಟಿಮೀಟರು. ಲೆಕ್ಕ ಇಷ್ಟೇ. ಒಳ ಅಳತೆಯ ಬದಲು ಹೊರ ಅಳತೆಯನ್ನೇ ಹಿಡಿದು ಗುಣಿಸಿದರೆ ಪೆಟ್ಟಿಗೆ ಕಾಲುಭಾಗಕ್ಕೂ ಹೆಚ್ಚು ಕಿರಿದಾಗುವದು. ಆಗ ಮಂದ್ರವು ಇಳಿಯಬೇಕಾದಷ್ಟು ಕೆಳಗೆ ಇಳಿಯದು.

ಎರಡನೆಯದು ಕೊಳವೆಯ ಪೆಟ್ಟಿಗೆ. ಅಂಗಡಿಯಲ್ಲಿ ಇದಕ್ಕೆ ಪೋರ್ಟೆಡ್ ಬಾಕ್ಸ್ ಎನ್ನುವರು. ಬರಿದಾದ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದರೆ ಒಂದೇ ಒಂದು ಸ್ವರ ಹೊರಡುವದು. ನಳದ ಕೆಳಗೆ ಕೊಡವಿಟ್ಟವರು ಕಣ್ಣು ಮುಚ್ಚಿಕೊಂಡೇ ಕೊಡ ತುಂಬುತ್ತ ಬಂದದ್ದನ್ನು ಹೇಳಬಲ್ಲರು. ಒಳಗಿನ ಗಾಳಿ ಕಡಿಮೆಯಾದಂತೆ ಸ್ವರ ಏರುವದು ಅವರ ಕಿವಿಗೆ ಗೊತ್ತು. ಕುತ್ತಿಗೆಯಲ್ಲಿರುವ ಗಾಳಿಯು ತೂಕದಂತೆಯೂ, ಹೊಟ್ಟೆಯಲ್ಲಿರುವ ಗಾಳಿಯು ಸ್ಪ್ರಿಂಗಿನಂತೆಯೂ ವರ್ತಿಸುವದೇ ಇದಕ್ಕೆ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು ಇದನ್ನು ವಿವರಿಸಿದನು. ಇದನ್ನೇ ಸ್ಪೀಕರಿನ ಪೆಟ್ಟಿಗೆಗೆ ಅಳವಡಿಸಿ ಬೆಲ್ ಪ್ರಯೋಗಶಾಲೆಯ ಆಲ್ಬರ್ಟ್ ಥುರಾಸ್ ಎಂಬವರು ೧೯೩೨ರಲ್ಲಿ ಪೇಟೆಂಟ್ ಪಡೆದರು. ಪೆಟ್ಟಿಗೆಯಲ್ಲೊಂದು ಕೊಳವೆಯಿಟ್ಟರೆ, ವ್ಯರ್ಥವಾಗಿ ಒಳಗೇ ಉಳಿಯುತ್ತಿದ್ದ ಹಿಂದಿನ ಅಲೆಯು ಒಂದು ನಿಶ್ಚಿತ ಸ್ವರದ ಆಸುಪಾಸಿನಲ್ಲಿ ತಿರುಗಿ ಮುಂದಿನ ಅಲೆಗೆ ಸಹಾಯಕವಾಗಿ ಹೊರಬರುವದು.

ಆದರೆ ಇಲ್ಲಿ ಅಂದಾಜು ನಡೆಯದು. ೫೦ ಲೀಟರಿನ ಪೆಟ್ಟಿಗೆಯನ್ನು ಸೆಕೆಂಡಿಗೆ ೩೫ ಕಂಪನಕ್ಕೆ ಶ್ರುತಿಗೊಳಿಸಬೇಕಾದರೆ ೧೦ ಸೆಂಟಿಮೀಟರು ವ್ಯಾಸದ ಕೊಳವೆ ಸುಮಾರು ೩೧ ಸೆಂಟಿಮೀಟರು ಉದ್ದವಿರಬೇಕು. ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಿದರೆ ಶ್ರುತಿ ಏರುವದು; ತೀರ ಸಪೂರ ಮಾಡಿದರೆ ಗಾಳಿ ನುಗ್ಗುವ ‘ಭುಸ್’ ಶಬ್ದ ಕೇಳಿಸುವದು. ಕೊಳವೆ ಹಿಡಿಯುವ ಜಾಗವನ್ನೂ ಒಳಗಿನ ಲೀಟರುಗಳಿಂದ ಕಳೆಯಬೇಕು. ಇನ್ನೊಂದು ಅಪಾಯವೂ ಉಂಟು. ಶ್ರುತಿಯ ಸ್ವರಕ್ಕಿಂತ ಕೆಳಗೆ ಹೋದಾಗ ಗಾಳಿಯು ಕೊಳವೆಯಿಂದ ಸುಮ್ಮನೆ ಒಳಗೆ ಹೊರಗೆ ಹರಿಯತೊಡಗಿ ಶಂಕುವಿಗೆ ಹಿಡಿತವೇ ಇಲ್ಲದಂತಾಗುವದು. ಅಲ್ಲಿ ಜೋರು ಕೊಟ್ಟರೆ ಶಂಕು ತನ್ನ ಮಿತಿ ಮೀರಿ ಹಾರಿ ಹರಿದುಹೋಗುವದು. ಇಂಥ ಪೆಟ್ಟಿಗೆಯಿಟ್ಟವರು ಆಂಪ್ಲಿಫಾಯರಿನಲ್ಲಿರುವ ಸಬ್‌ಸಾನಿಕ್ ಫಿಲ್ಟರನ್ನು ಶ್ರುತಿಗಿಂತ ತುಸು ಕೆಳಗೆ ಹೊಂದಿಸಿ, ಅದಕ್ಕೂ ತಗ್ಗಿನ ಸ್ವರಗಳನ್ನು ತಡೆಯಲೇಬೇಕು.

ಯಾವ ಸ್ಪೀಕರಿಗೆ ಯಾವ ಪೆಟ್ಟಿಗೆ ಎಂಬದು ಬಹುಕಾಲ ಅನುಭವದ ಮೇಲೆಯೇ ನಡೆದುಬಂದ ವಿಷಯವಾಗಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬವರು ೧೯೬೧ರಲ್ಲಿ ಪ್ರಕಟಿಸಿದ ಪ್ರಬಂಧದಿಂದಲೂ, ೧೯೭೦ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಎಂಬವರು ಅದನ್ನು ಬೆಳೆಸಿದ್ದರಿಂದಲೂ ಅದು ಲೆಕ್ಕದ ವಿಷಯವಾಯಿತು. ಈಗ ಒಳ್ಳೆಯ ಸ್ಪೀಕರಿನ ಜೊತೆಗೆ ಬರುವ ಕಾಗದದಲ್ಲಿ ಈ ಇಬ್ಬರ ಹೆಸರಿನ ಅಂಕಿಗಳು ಅಚ್ಚಾಗಿರುತ್ತವೆ. ಅವುಗಳಲ್ಲಿ ಎಫ್.ಎಸ್. ಎಂಬದನ್ನು ಕ್ಯೂ.ಇ.ಎಸ್. ಎಂಬದರಿಂದ ಭಾಗಿಸಿರಿ. ಉತ್ತರ ೫೦ರ ಸುತ್ತಮುತ್ತ ಇಲ್ಲವೆ ಅದಕ್ಕೂ ಕಡಿಮೆ ಬಂದರೆ ಮುಚ್ಚಿದ ಪೆಟ್ಟಿಗೆ ಯೋಗ್ಯ. ೧೦೦ರ ಸಮೀಪ ಇಲ್ಲವೆ ಮೇಲೆ ಬಂದರೆ ಕೊಳವೆಯ ಪೆಟ್ಟಿಗೆ ಯೋಗ್ಯ. ನಡುವೆ ಬಂದರೆ ಎರಡೂ ನಡೆದಾವು. ಉದಾಹರಣೆಗೆ ೩೦ನ್ನು ೦.೬ರಿಂದ ಭಾಗಿಸಿದರೆ ೫೦. ಅಂಥ ಸ್ಪೀಕರಿಗೆ ಕೊಳವೆ ಕೊರೆಯುವ ಆಸೆ ಬೇಡ. ಈ ಕಾಗದವನ್ನು ತೋರಿಸಲಾರದ ಸ್ಪೀಕರನ್ನು ಕೊಳ್ಳದಿರುವದೇ ಲೇಸು.

ಮನೆಯಲ್ಲಿ ಇಲ್ಲದ ಒಂದು ಅನುಕೂಲ ಕಾರಿನಲ್ಲಿ ಇದೆ. ಕಾರಿನ ಒಳಾವರಣ ಸುಮಾರು ಎರಡೂವರೆ ಮೀಟರು ಉದ್ದವೆಂದು ಹಿಡಿಯೋಣ. ಅಲೆಯ ಅರ್ಧಭಾಗ ಇದಕ್ಕಿಂತ ಉದ್ದವಾದಾಗ, ಎಂದರೆ ಸುಮಾರು ೭೦ ಕಂಪನಕ್ಕಿಂತ ಕೆಳಗೆ, ಧ್ವನಿಯು ಅಲೆಯಾಗಿ ಹರಡದೆ ಇಡೀ ಒಳಗಾಳಿಯನ್ನೇ ಒಮ್ಮೆಗೆ ಒತ್ತಿ ಸಡಿಲಿಸುವದು. ಆದ್ದರಿಂದ ಸ್ವರ ತಗ್ಗಿದಂತೆ ಕಾರೇ ಅದನ್ನು ಹೆಚ್ಚಿಸಿಕೊಡುವದು. ಮುಚ್ಚಿದ ಪೆಟ್ಟಿಗೆಯ ಧ್ವನಿ ಕೆಳಗಿಳಿದಂತೆ ಯಾವ ಪ್ರಮಾಣದಲ್ಲಿ ಕುಗ್ಗುವದೋ, ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ ಕಾರಿನ ಈ ಸಹಾಯ ಏರುವದು. ಸಂದಿಗಳಿಂದ ಗಾಳಿ ಸೋರುವದರಿಂದ ಪೂರ್ತಿ ಲಾಭ ಸಿಗದು, ಅಷ್ಟೇ. ಆದ್ದರಿಂದ ಹಾಡನ್ನು ಹಾಡಾಗಿಯೇ ಕೇಳಬಯಸುವವರಿಗೆ, ಡಿಕ್ಕಿಯಲ್ಲಿ ಸಾಮಾನು ಇಡಬೇಕಾದವರಿಗೆ, ಮೊದಲ ಸಲ ಮಾಡಿಸುವವರಿಗೆ ಮುಚ್ಚಿದ ಪೆಟ್ಟಿಗೆಯೇ ಹಿತಕರ. ಕಡಿಮೆ ವ್ಯಾಟಿನಲ್ಲಿ ಹೆಚ್ಚು ಜೋರು ಬೇಕು, ಡಿಕ್ಕಿಯ ಜಾಗ ಹೋದರೂ ಸರಿ ಎನ್ನುವವರಿಗೆ ಕೊಳವೆಯ ಪೆಟ್ಟಿಗೆ. ಡಿಕ್ಕಿಯಲ್ಲಿ ಸಿ.ಎನ್.ಜಿ. ಸಿಲಿಂಡರು ಇದ್ದ ಕಾರಿಗೆ ಆಸನದ ಕೆಳಗೆ ಕೂಡುವ ತೆಳ್ಳನೆಯ ಸಣ್ಣ ಸಬ್‌ವೂಫರೇ ಗತಿ. ಯಾವುದೇ ಆಗಲಿ, ಪೆಟ್ಟಿಗೆಯನ್ನು ಬೋಲ್ಟು ಹಾಕಿ ಬಿಗಿಯಬೇಕು. ಇಪ್ಪತ್ತು ಕಿಲೋ ತೂಗುವ ಪೆಟ್ಟಿಗೆಯು ಅಪಘಾತದ ಹೊತ್ತಿಗೆ ಹಿಂದಿನ ಆಸನದವರ ಮೇಲೆ ಬಂದು ಬೀಳಬಾರದಷ್ಟೆ.

ಇನ್ನು ವ್ಯಾಟಿನ ಮಾತು. ಕಾರಿನ ಸ್ಟೀರಿಯೋದ ಮೇಲೆ ‘೫೦ ವ್ಯಾಟ್, ನಾಲ್ಕು ಚಾನೆಲ್’ ಎಂದು ಬರೆದಿರುವದನ್ನು ಎಲ್ಲರೂ ನೋಡಿದ್ದೇವೆ. ಕಾರು ಓಡುವಾಗ ದೊರೆಯುವ ವಿದ್ಯುತ್ ಒತ್ತಡ ಹೆಚ್ಚೆಂದರೆ ೧೪.೪ ವೋಲ್ಟು. ಇದರಿಂದ ೪ ಓಮಿನ ಸ್ಪೀಕರಿಗೆ ಶುದ್ಧವಾದ ಸ್ವರದಲ್ಲಿ ಸುಮಾರು ೨೬ ವ್ಯಾಟಿಗಿಂತ ಹೆಚ್ಚು ಕೊಡಲು ಗಣಿತವೇ ಬಿಡುವದಿಲ್ಲ. ಪ್ರತ್ಯಕ್ಷದಲ್ಲಿ ಸಿಗುವದು ೨೦ರ ಆಸುಪಾಸು. ಉಳಿದದ್ದು ಅಚ್ಚಿನ ಶಕ್ತಿ. ಹೆಚ್ಚಿನ ವ್ಯಾಟಿಗೆ ಒಳಗೆ ವೋಲ್ಟನ್ನು ಏರಿಸಿಕೊಳ್ಳುವ ಬೇರೆ ಆಂಪ್ಲಿಫಾಯರೇ ಬೇಕು. ಅದನ್ನು ಕೊಳ್ಳುವಾಗ ಡಬ್ಬಿಯ ಮೇಲಿನ ‘ಪೀಕ್’ ಅಂಕಿಯನ್ನು ನೋಡದೆ, ಒಂದೇ ಸಮನೆ ಕೊಡಬಲ್ಲ ‘ಆರ್.ಎಂ.ಎಸ್.’ ಅಂಕಿಯನ್ನು ನೋಡಬೇಕು. ಅದೂ ಎಷ್ಟು ಓಮಿಗೆ ಎಂದು ಕೇಳಬೇಕು. ತಲಾ ೪ ಓಮಿನ ಎರಡು ಸುರುಳಿಗಳಿರುವ ಸ್ಪೀಕರನ್ನು ಸಮಾಂತರವಾಗಿ ಜೋಡಿಸಿದರೆ ೨ ಓಮ್ ಆಗುವದು, ಸರಣಿಯಲ್ಲಿ ಜೋಡಿಸಿದರೆ ೮ ಓಮ್. ಆಂಪ್ಲಿಫಾಯರು ತಾಳದಷ್ಟು ಕಡಿಮೆ ಓಮನ್ನು ಅದಕ್ಕೆ ತಗಲಿಸಿದರೆ ಅದು ಕಾದು ನಿಲ್ಲುವದು ಇಲ್ಲವೆ ಸುಡುವದು.

ವ್ಯಾಟನ್ನು ಇಮ್ಮಡಿಗೊಳಿಸಿದರೆ ಧ್ವನಿ ಇಮ್ಮಡಿಯಾಗುವದೆಂದು ತಿಳಿಯುವದು ದೊಡ್ಡ ಭ್ರಮೆ. ೩೦೦ ವ್ಯಾಟಿನ ಬದಲು ೬೦೦ ಕೊಟ್ಟರೆ ಹೆಚ್ಚುವದು ೩ ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ತುಸು ಹೆಚ್ಚಾಯಿತು’ ಎನ್ನುವಷ್ಟು. ಇಮ್ಮಡಿ ಜೋರು ಅನಿಸಬೇಕಾದರೆ ಸಾಮಾನ್ಯವಾಗಿ ೧೦ ಡೆಸಿಬೆಲ್, ಎಂದರೆ ಹತ್ತು ಪಟ್ಟು ವ್ಯಾಟ್ ಬೇಕೆಂದು ಹೇಳುವರು. ಅದೇ ೩ ಡೆಸಿಬೆಲನ್ನು ಸಂವೇದನಾಂಕ ೮೬ ಇದ್ದ ಸ್ಪೀಕರಿನ ಬದಲು ೮೯ ಇದ್ದದ್ದನ್ನು ಆರಿಸಿ ಪಡೆಯಬಹುದು. ಯೋಗ್ಯವಾದ ಕೊಳವೆಯ ಪೆಟ್ಟಿಗೆಯಿಂದಲೂ ಅದರ ಶ್ರುತಿಯ ಆಸುಪಾಸಿನಲ್ಲಿ ಪಡೆಯಬಹುದು. ಅದಕ್ಕೆ ಬ್ಯಾಟರಿಯಿಂದ ಒಂದು ಆಂಪಿಯರನ್ನೂ ಹೆಚ್ಚಿಗೆ ಕೇಳಬೇಕಾಗಿಲ್ಲ. ಪೆಟ್ಟಿಗೆ ಮೊದಲು ಎಂದು ಆರಂಭದಲ್ಲಿ ಹೇಳಿದ್ದರ ಅರ್ಥ ಇದೇ.

ಸ್ಪೀಕರಿಗೆ ಕೊಟ್ಟ ವ್ಯಾಟೆಲ್ಲ ಧ್ವನಿಯಾಗುವದೂ ಇಲ್ಲ. ಸಂವೇದನಾಂಕ ೮೭ ಇರುವ ಸ್ಪೀಕರು ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ ೦.೩ರಷ್ಟನ್ನು ಮಾತ್ರ ಧ್ವನಿಯಾಗಿ ಮಾರ್ಪಡಿಸುವದು. ೩೦೦ ವ್ಯಾಟಿನಲ್ಲಿ ಒಂದು ವ್ಯಾಟಿನಷ್ಟು ಧ್ವನಿ. ಉಳಿದ ೨೯೯ ಸುರುಳಿಯಲ್ಲಿ ಉಷ್ಣವಾಗುವದು. ಸುರುಳಿಗಳು ಏಕೆ ಸುಡುತ್ತವೆ ಎಂಬದು ಇದರಿಂದ ಸ್ಪಷ್ಟ. ಆಂಪ್ಲಿಫಾಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುವವು. ಪೂರ್ತಿ ಚೌಕಾಕಾರವಾದ ಅಲೆಯು ಅದೇ ಎತ್ತರದ ಶುದ್ಧ ಅಲೆಗಿಂತ ಇಮ್ಮಡಿ ಶಕ್ತಿ ಹೊತ್ತಿರುವದು. ಆದ್ದರಿಂದ ೨೦೦ ವ್ಯಾಟಿನ ಆಂಪ್ಲಿಫಾಯರು ಹೀಗೆ ಹಿಂಸೆಗೊಳಗಾದರೆ ೪೦೦ ವ್ಯಾಟಿನ ಕಡೆಗೆ ಹೋಗಿ, ೨೫೦ ತಾಳಬಲ್ಲ ಸುರುಳಿಯನ್ನು ಸುಡಬಹುದು. ಸ್ಪೀಕರಿನ ಆರ್.ಎಂ.ಎಸ್. ಅಂಕಿಗೆ ಸಮನಾದ ಇಲ್ಲವೆ ತುಸು ಹೆಚ್ಚಿನ ಆಂಪ್ಲಿಫಾಯರನ್ನು ಕೊಂಡು ಅದನ್ನು ಮಿತಿಯಲ್ಲಿ ನಡೆಸುವದೇ ಕ್ಷೇಮ. ಅದರ ಮೇಲಿರುವ ‘ಗೇನ್’ ತಿರುಗಣಿ ಧ್ವನಿ ಏರಿಸಲು ಇರುವದಲ್ಲ. ಸ್ಟೀರಿಯೋಗೂ ಆಂಪ್ಲಿಫಾಯರಿಗೂ ಹೊಂದಿಕೆ ಮಾಡಲು ಇರುವದು. ಸ್ಪೀಕರನ್ನು ಬಿಚ್ಚಿಟ್ಟು, ೫೦ ಕಂಪನದ ಸ್ವರವನ್ನು ಸ್ಟೀರಿಯೋದ ಮುಕ್ಕಾಲು ಧ್ವನಿಯಲ್ಲಿ ನುಡಿಸಿ, ಮಲ್ಟಿಮೀಟರಿನಿಂದ ಎ.ಸಿ. ವೋಲ್ಟು ಅಳೆಯಬೇಕು. ೩೦೦ ವ್ಯಾಟು, ೪ ಓಮಿಗೆ ಅದು ೩೪.೬ ವೋಲ್ಟು ತೋರಿಸಿದಲ್ಲಿ ತಿರುಗಣಿಯನ್ನು ನಿಲ್ಲಿಸಬೇಕು. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಈ ಅಂಕಿ ದೊರೆಯುವದು.

ಶಕ್ತಿ ಎಲ್ಲಿಂದಲೋ ಬರಬೇಕಷ್ಟೆ. ೫೦೦ ವ್ಯಾಟ್ ಕೊಡುವ, ನೂರಕ್ಕೆ ೮೦ರಷ್ಟು ದಕ್ಷತೆಯ ಕ್ಲಾಸ್-ಡಿ ಆಂಪ್ಲಿಫಾಯರು ತುಂಬು ಕೆಲಸದಲ್ಲಿ ಸುಮಾರು ೪೫ ಆಂಪಿಯರು ಎಳೆಯುವದು. ಸಣ್ಣ ಕಾರಿನ ಆಲ್ಟರ್ನೇಟರು ಒಟ್ಟು ಕೊಡುವದೇ ಹೆಚ್ಚೆಂದರೆ ೬೦-೯೦. ಅದರಲ್ಲೇ ದೀಪ, ಫ್ಯಾನು, ಇಂಜಿನ್ನು ಎಲ್ಲ ನಡೆಯಬೇಕು. ಹಾಡಿನ ಪೆಟ್ಟಿಗೊಮ್ಮೆ ಮುಂದಿನ ದೀಪ ಮಂಕಾಗುವದು ಈ ಕೊರತೆಯ ಗುರುತು. ಇಷ್ಟು ಪ್ರವಾಹಕ್ಕೆ ಸುಮಾರು ೨೦ ಚದರ ಮಿಲಿಮೀಟರಿನ ಶುದ್ಧ ತಾಮ್ರದ ಕೇಬಲು ಬೇಕು. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲು ಹೆಚ್ಚು ಕಾಯುವದು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸು ಇರಲೇಬೇಕು. ತಗಡಿನ ಅಂಚಿಗೆ ಕೇಬಲು ಉಜ್ಜಿ ಹರಿದ ದಿವಸ ಕಾರನ್ನೂ ಒಳಗಿದ್ದವರನ್ನೂ ಬೆಂಕಿಯಿಂದ ಕಾಯುವದು ಆ ಸಣ್ಣ ಫ್ಯೂಸೊಂದೇ.

ಕಡೆಯದಾಗಿ, ಎಷ್ಟು ಜೋರು ಸಾಕು ಎಂಬ ಪ್ರಶ್ನೆ. ೮೫ ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದೆಂದೂ, ಅಲ್ಲಿಂದ ಪ್ರತಿ ೩ ಡೆಸಿಬೆಲಿಗೆ ಅವಧಿ ಅರ್ಧವಾಗುವದೆಂದೂ ಕಿವಿಯ ರಕ್ಷಣೆಗಾಗಿ ಮಾಡಿದ ಒಂದು ಪ್ರಸಿದ್ಧ ಲೆಕ್ಕವಿದೆ; ಅದರಂತೆ ೧೦೦ಕ್ಕೆ ಹದಿನೈದು ನಿಮಿಷ ಮಾತ್ರ. ಹೋದ ಕಿವಿ ಗುಣವಾಗಿ ತಿರುಗಿ ಬರುವದಲ್ಲ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಡೆಸಿಬೆಲ್ ಎಂದು ಮಿತಿ ಹಾಕಿವೆ. ಆದರೆ ಇದನ್ನು ಅಳೆಯುವ ‘ಎ’ ಮಾಪಕವು ೪೦ ಕಂಪನದ ಧ್ವನಿಯನ್ನು ಸುಮಾರು ೩೫ ಡೆಸಿಬೆಲ್ ಕಡಿಮೆ ಮಾಡಿಯೇ ಎಣಿಸುವದು. ಎಂದರೆ ಮೀಟರು ಸುಮ್ಮನಿದ್ದರೂ ನೆರೆಮನೆಯ ಕಿಟಕಿ ಗಡಗಡಿಸುತ್ತಿರಬಹುದು. ಉದ್ದವಾದ ಅಲೆಗೆ ತೆಳುವಾದ ಗೋಡೆ ಬಾಗಿಲುಗಳು ದೊಡ್ಡ ತಡೆಯಲ್ಲವಾದ್ದರಿಂದ ಇಲ್ಲಿ ಕಾನೂನಿಗಿಂತ ವಿವೇಕವೇ ಹೆಚ್ಚು ಕೆಲಸಮಾಡಬೇಕಾಗಿದೆ. ಆ ಗೋಡೆಯ ಆಚೆಗೆ ಹಸುಗೂಸು ಮಲಗಿರಬಹುದು, ರೋಗಿಯೊಬ್ಬರು ನರಳುತ್ತಿರಬಹುದು, ನಮ್ಮದೇ ಕಾಲೇಜಿನ ಸಹಪಾಠಿಯೊಬ್ಬ ಪರೀಕ್ಷೆಗೆ ಓದುತ್ತಿರಬಹುದು. ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಕೂಗು ಕೇಳಿಸದಷ್ಟು ಜೋರಿನಲ್ಲಿ ಕಾರು ನಡೆಸುವದಂತೂ ಯಾವ ಸಂಗೀತಪ್ರೇಮಕ್ಕೂ ಒಪ್ಪುವ ಮಾತಲ್ಲ.

ಲೆಕ್ಕ ಹಾಕಿ ಮಾಡಿಸಿದ ೨೮ ಲೀಟರಿನ ಒಂದು ಪೆಟ್ಟಿಗೆ, ಅದಕ್ಕೆ ತಕ್ಕ ಒಂದು ಸ್ಪೀಕರು, ೨೦೦-೩೦೦ ವ್ಯಾಟಿನ ನಿಜವಾದ ಆಂಪ್ಲಿಫಾಯರು, ಒಂದು ಫ್ಯೂಸು: ಸಣ್ಣ ಕಾರೊಂದರಲ್ಲಿ ಹಾಡು ಕೇಳಿ ಸಂತೋಷಪಡಲು ಇಷ್ಟು ಧಾರಾಳವಾಗಿ ಸಾಕು. ಗವಾಯಿಗಳ ನಾಡಿನಲ್ಲಿ ಹುಟ್ಟಿದ ನಮಗೆ ಮಂದ್ರದ ಬೆಲೆ ಗೊತ್ತಿದೆ. ತಂಬೂರಿಯ ಖರಜವು ಮಿಕ್ಕ ಸ್ವರಗಳನ್ನು ಹೊತ್ತು ನಿಲ್ಲುವದೇ ಹೊರತು ಅವುಗಳನ್ನು ಮುಚ್ಚಿಹಾಕುವದಿಲ್ಲ. ಕಾರಿನ ಸಬ್‌ವೂಫರಿನಿಂದಲೂ ನಾವು ಅಷ್ಟನ್ನೇ ಕೇಳಿದರೆ ಹಣವೂ ಉಳಿಯುವದು, ಕಿವಿಯೂ ಉಳಿಯುವದು, ಓಣಿಯ ನೆಮ್ಮದಿಯೂ ಉಳಿಯುವದು.